ಎರಡನೇ ಟ್ಯೂಬಿನ ಗುಟ್ಟು

ಪೈಪು ಸೋರುತ್ತಿದೆ ಎಂದು ಕರೆದರೆ ಪ್ಲಂಬರ್ ಮೊದಲು ಕೇಳುವುದು, ‘ಮನೇಲಿ ಎಂ-ಸೀಲ್ ಇದ್ಯಾ ಸಾರ್?’ ಎಂದು. ಪೊಟ್ಟಣದ ಎರಡು ಮುದ್ದೆಗಳನ್ನು ಬಣ್ಣ ಒಂದಾಗುವ ತನಕ ಚಪಾತಿ ಹಿಟ್ಟಿನಂತೆ ನಾದಿ ಬಿರುಕಿಗೆ ಒತ್ತುತ್ತಾನೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಅರಾಲ್ಡೈಟ್‌ನ ಜೋಡಿ ಟ್ಯೂಬುಗಳೂ ಇದೇ ಕುಲದವು. ಕುಲದ ಹೆಸರು ಎಪಾಕ್ಸಿ. ಫೆವಿಕಾಲ್ ನೀರಾರಿ ಗಟ್ಟಿಯಾಗುವ ಅಂಟು. ಫೆವಿಕ್ವಿಕ್ ತೇವ ತಾಕಿದೊಡನೆ ಕಚ್ಚಿಕೊಳ್ಳುವ ಅಂಟು. ಎಪಾಕ್ಸಿ ಆರುವುದೇ ಇಲ್ಲ. ಒಳಗೊಳಗೇ ರಾಸಾಯನಿಕ ಕ್ರಿಯೆ ನಡೆದು ಬೇರೆಯೇ ವಸ್ತುವಾಗುತ್ತದೆ. ಒಮ್ಮೆ ಗಟ್ಟಿಯಾದರೆ ಕಾಯಿಸಿದರೂ ಮತ್ತೆ ಕರಗಿ ನೀರಾಗದು.

ಮೊದಲ ಟ್ಯೂಬಿನಲ್ಲಿ ಜೇನಿನಂಥ ರೆಸಿನ್, ಎರಡನೆಯದರಲ್ಲಿ ಹಾರ್ಡ್‌ನರ್. ಹಾಲಿಗೆ ಹೆಪ್ಪು ಹೇಗೋ ರೆಸಿನ್‌ಗೆ ಹಾರ್ಡ್‌ನರ್ ಹಾಗೆ ಎಂದೇ ನಾನು ತಿಳಿದಿದ್ದೆ. ಉಪ್ಪಿನಕಾಯಿ ಭರಣಿಯ ಮುಚ್ಚಳ ಒಡೆದಾಗ, ಬೇಗ ಕಚ್ಚಲಿ ಎಂದು ಎರಡನೇ ಟ್ಯೂಬನ್ನು ಧಾರಾಳವಾಗಿ ಹಿಂಡಿದೆ. ವಾರ ಕಳೆದರೂ ಅದು ಹಲಸಿನ ಮೇಣದಂತೆ ಜಿಗುಟಾಗಿಯೇ ಇತ್ತು. ಹಾರ್ಡ್‌ನರ್ ಹೆಪ್ಪಲ್ಲ, ತಂಬಿಟ್ಟಿನ ಬೆಲ್ಲ. ಅದರ ಅಣುಗಳು ರೆಸಿನ್‌ನ ಅಣುಗಳಿಗೆ ಕೊಂಡಿ ಹಾಕಿಕೊಂಡು ಬಲೆಯ ಎಳೆಗಳೇ ಆಗಿಬಿಡುತ್ತವೆ. ಅಳತೆ ಮೀರಿದರೆ ಜೊತೆ ಸಿಗದೆ ಉಳಿದದ್ದು ಅಂಟಂಟಾಗಿಯೇ ಉಳಿಯುತ್ತದೆ.

ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ಟಾನ್ 1930ರ ದಶಕದಲ್ಲಿ ಈ ರೆಸಿನ್ ಹದಗೊಳಿಸಿದ್ದು ಕಟ್ಟಿಸುವ ಹಲ್ಲಿನ ಸಲುವಾಗಿ! ಬಾಸೆಲ್‌ನ ಸೀಬಾ ಕಂಪನಿ 1946ರಲ್ಲಿ ಅದನ್ನು ಅರಾಲ್ಡೈಟ್ ಎಂಬ ಅಂಟಾಗಿ ಹೊರತಂದಿತು.

ಎಪಾಕ್ಸಿಯ ಬಗೆಗಳು ಹಲವು, ಆದರೆ ಬಹುಪಾಲು ವ್ಯತ್ಯಾಸ ಹುಟ್ಟುವುದು ಹಾರ್ಡ್‌ನರ್‌ನಿಂದ. ಐದು ನಿಮಿಷದಲ್ಲಿ ಬಿಗಿಯುವ ‘ರ‍್ಯಾಪಿಡ್’ ಇದೆ, ಪೂರ್ತಿ ಬಲ ಬರಲು ಒಂದು ದಿನ ಬೇಡುವ ‘ಸ್ಟ್ಯಾಂಡರ್ಡ್’ ಇದೆ. ಅಂಗಡಿಯಲ್ಲಿ ನಮ್ಮ ಕೈ ಹೋಗುವುದು ಮೊದಲನೆಯದಕ್ಕೇ. ಆದರೆ ಈ ಅವಸರ ಎಲ್ಲ ಕಡೆಗೂ ಒಗ್ಗದು. 2006ರ ಜುಲೈನಲ್ಲಿ ಅಮೆರಿಕದ ಬಾಸ್ಟನ್‌ನ ಸುರಂಗ ರಸ್ತೆಯಲ್ಲಿ ಚಾವಣಿಯ ಕಾಂಕ್ರೀಟ್ ಹಲಗೆಗಳು ಕಾರೊಂದರ ಮೇಲೆ ಕುಸಿದು ಮಹಿಳೆಯೊಬ್ಬರು ಸತ್ತರು. ಹಲಗೆಗಳನ್ನು ತೂಗುಹಾಕಿದ್ದ ಬೋಲ್ಟುಗಳನ್ನು ಮೇಲಿನ ಕಾಂಕ್ರೀಟಿನಲ್ಲಿ ಕೂರಿಸಿದ್ದು ಎಪಾಕ್ಸಿಯಿಂದ, ಅದೂ ಬೇಗ ಬಿಗಿಯುವ ಬಗೆಯಿಂದ ಎಂಬುದು ತನಿಖೆಯಲ್ಲಿ ತಿಳಿಯಿತು. ಒಂದಿಷ್ಟು ಹೊತ್ತಿನ ಎಳೆತವನ್ನು ಅದು ಚೆನ್ನಾಗಿಯೇ ತಡೆಯುತ್ತದೆ. ಹಗಲೂ ರಾತ್ರಿ ಜೋತುಬಿದ್ದ ಭಾರಕ್ಕೆ ಮಾತ್ರ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಹಿಗ್ಗುತ್ತಾ ಹೋಗಿ, ಬೋಲ್ಟುಗಳನ್ನು ಜಾರಬಿಟ್ಟಿತು.

ಬೆಂಗಳೂರಿನ ಮೆಟ್ರೊ ಮೇಲ್ಸೇತುವೆಯ ಕೆಲಸದಲ್ಲಿ ಅಂಟಿನ ಪಾತ್ರ ಇಷ್ಟು ಅಪಾಯದ್ದಲ್ಲ. ಯಾರ್ಡಿನಲ್ಲಿ ಎರಕ ಹೊಯ್ದು ತಂದ ಸೆಗ್ಮೆಂಟುಗಳನ್ನು ಲಾಂಚಿಂಗ್ ಗರ್ಡರ್ ಎಂಬ ಭಾರಿ ತೊಲೆಗೆ ತೂಗುಹಾಕಿ, ಅವು ಮುಖಕ್ಕೆ ಮುಖ ಸೇರುವಲ್ಲಿ ಎಪಾಕ್ಸಿ ಬಳಿಯುತ್ತಾರೆ. ಬಿಗಿದು ಹಿಡಿಯುವ ಕೆಲಸ ಒಳಗಿನ ಉಕ್ಕಿನ ಕೇಬಲ್ಲುಗಳದು. ಅಂಟು ಸಂದಿ ತುಂಬಿ, ಆ ಉಕ್ಕಿಗೆ ನೀರು ತಾಕದಂತೆ ಕಾಯುತ್ತದೆ. ಇಲ್ಲಿ ಐದು ನಿಮಿಷದ ಅಂಟು ತಂದರೆ ಬಳಿದು ಮುಗಿಯುವ ಮೊದಲೇ ಕಲ್ಲಾದೀತು.

ಎರಡನೇ ಟ್ಯೂಬೇ ಇಲ್ಲದ ಎಪಾಕ್ಸಿಯೂ ಉಂಟು. ಬೆಂಗಳೂರಿನಲ್ಲೇ ತಯಾರಾಗುವ ತೇಜಸ್ ಯುದ್ಧವಿಮಾನದ ಒಡಲಿನ ತೂಕದಲ್ಲಿ ಸುಮಾರು ಶೇ 45 ಭಾಗ ಕಾಂಪೊಸಿಟ್, ಹೆಚ್ಚಿನದು ಎಪಾಕ್ಸಿಯಲ್ಲಿ ನೆನೆಸಿದ ಕಾರ್ಬನ್ ನೂಲಿನ ಬಟ್ಟೆ. ಇಂಥ ಬಟ್ಟೆಯಲ್ಲಿ ಹಾರ್ಡ್‌ನರ್ ಮೊದಲೇ ಬೆರೆತಿರುತ್ತದೆ. ಅದು ಎಚ್ಚರಗೊಳ್ಳದಿರಲೆಂದು ಮೈನಸ್ 18 ಡಿಗ್ರಿಯ ಆಸುಪಾಸಿನ ಚಳಿಯಲ್ಲಿಟ್ಟು, ಬೇಕಾದಾಗ ಅಚ್ಚಿನ ಮೇಲೆ ಪದರ ಪದರವಾಗಿ ಹಾಸಿ, ಆಟೊಕ್ಲೇವ್ ಎಂಬ ದೈತ್ಯ ಕುಕ್ಕರಿನಲ್ಲಿ ಬೇಯಿಸುತ್ತಾರೆ.

ವಿಮಾನದ ರೆಕ್ಕೆಗೆ ಸೈ ಎನಿಸಿಕೊಂಡ ಈ ಅಂಟು ಬಚ್ಚಲಿನ ಬಕೆಟ್ಟಿನ ಮುಂದೆ ಸೋಲುತ್ತದೆ. ಪಾಲಿಥೀನ್, ಪಾಲಿಪ್ರೊಪಿಲೀನ್‌ಗಳ ನುಣುಪು ಮೈಗೆ ಎಪಾಕ್ಸಿ ಹಿಡಿಯುವುದಿಲ್ಲ. ಉಗುರಿನಿಂದ ಮೀಟಿದರೆ ಸಿಪ್ಪೆಯಂತೆ ಎದ್ದುಬರುತ್ತದೆ. ಅದಕ್ಕೆ ಬೀದಿಯಲ್ಲಿ ‘ಪ್ಲಾಸ್ಟಿಕ್ ಬಕೆಟ್ ರಿಪೇರೀ...’ ಎಂದು ಕೂಗಿಕೊಂಡು ಬರುವವನ ಕಾದ ಕಬ್ಬಿಣವೇ ಬೇಕು.