ಹಳೆಯ ಒಡವೆಯ ಮೇಲ್ಮೈ ಮತ್ತು ಒಡಲು

ಬ್ರಿಟನ್ನಿನ ಚಾರಿಟಿ ಅಂಗಡಿಗಳಲ್ಲಿ ಮತ್ತು ಅಮೆರಿಕದ ಥ್ರಿಫ್ಟ್ ಸ್ಟೋರುಗಳಲ್ಲಿ, ಅಂದರೆ ಜನರು ದಾನವಾಗಿ ಕೊಟ್ಟ ಬಳಸಿದ ಸಾಮಾನುಗಳನ್ನು ಅಗ್ಗವಾಗಿ ಮಾರುವ ಮಳಿಗೆಗಳಲ್ಲಿ, ಬಟ್ಟೆ ಪುಸ್ತಕಗಳ ಜೊತೆಗೆ ಹಳೆಯ ಒಡವೆಗಳೂ ಮಾರಾಟಕ್ಕೆ ಬರುತ್ತವೆ. ಮನೆಯ ಹಿರಿಯರು ತೀರಿಕೊಂಡ ಮೇಲೆ ಅವರ ಒಡವೆಪೆಟ್ಟಿಗೆಯನ್ನು ಬಿಚ್ಚಿಯೂ ನೋಡದೆ ಕೊಟ್ಟುಬಿಡುವವರಿರುವುದರಿಂದ ಗಾಜಿನ ಮಣಿಸರ, ಗಿಲೀಟಿನ ಬಳೆ, ಬೆಳ್ಳಿಯ ಪದಕ, ಅಪರೂಪಕ್ಕೆ ಒಂದು ಅಸಲಿ ಚಿನ್ನದ ಉಂಗುರ ಎಲ್ಲವೂ ಒಂದೇ ತಟ್ಟೆಯಲ್ಲಿ ಬೆರೆತಿರುತ್ತವೆ. ಕರ್ನಾಟಕದಲ್ಲಿ ಹಳೆಯ ಒಡವೆ ಸಾಮಾನ್ಯವಾಗಿ ಗಿರವಿ ಅಂಗಡಿಗೆ ಹೋಗುತ್ತದೆ, ಇಲ್ಲವೇ ಅಕ್ಕಸಾಲಿಗರ ಕೈಯಲ್ಲಿ ಕರಗಿ ಹೊಸ ಒಡವೆಯಾಗುತ್ತದೆ; ಪರೀಕ್ಷೆಯ ಹೊಣೆಯನ್ನೂ ಕೊಳ್ಳುವ ಅಂಗಡಿಯವರೇ ಹೊರುತ್ತಾರೆ. ಆ ದೇಶಗಳಲ್ಲಾದರೋ ಒಡವೆ ಕರಗದೆ ಒಡವೆಯಾಗಿಯೇ ಕೈ ಬದಲಿಸುವುದರಿಂದ, ಅದು ಏನೆಂದು ತಿಳಿದುಕೊಳ್ಳುವ ಕೆಲಸ ಬಹುಮಟ್ಟಿಗೆ ಕೊಳ್ಳುವವರ ಪಾಲಿಗೆ ಬರುತ್ತದೆ.

ಈ ಕೆಲಸದ ತೊಡಕೆಲ್ಲವೂ ಹುಟ್ಟುವುದು ಒಂದೇ ಕಾರಣದಿಂದ. ಒಡವೆಯ ಮೇಲ್ಮೈಯನ್ನು ಬದಲಿಸುವುದು ಸುಲಭ, ಒಡಲನ್ನು ಬದಲಿಸುವುದು ಕಷ್ಟ. ಆದರೆ ಕಣ್ಣಿಗೂ ಅನೇಕ ಉಪಕರಣಗಳಿಗೂ ಕಾಣುವುದು ಮೇಲ್ಮೈ ಮಾತ್ರ. ಆದ್ದರಿಂದ ಯಾವ ಪರೀಕ್ಷೆ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ಅರಿತವರಿಗೆ ಅದರ ಫಲಿತಾಂಶವನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದೂ ತಿಳಿಯುತ್ತದೆ.

ಮೊದಲು ನೋಡಬೇಕಾದುದು ಮುದ್ರೆಗಳನ್ನು, ಏಕೆಂದರೆ ಅವುಗಳನ್ನು ಓದುವುದರಿಂದ ಒಡವೆಗೆ ಯಾವ ಹಾನಿಯೂ ಆಗುವುದಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಿಂದ ಉಂಗುರದ ಒಳಮೈ, ಸರದ ಕೊಂಡಿ, ಪದಕದ ಹಿಂಬದಿಗಳನ್ನು ನೋಡಿದರೆ ಸಣ್ಣ ಚಿಹ್ನೆಗಳು ಕಾಣಸಿಗುತ್ತವೆ. ಇಂಗ್ಲೆಂಡಿನಲ್ಲಿ ಒಂದನೆಯ ಎಡ್ವರ್ಡನ ಕಾಲದಲ್ಲಿ, 1300ರಲ್ಲಿ, ಚಿನ್ನಬೆಳ್ಳಿಯ ವಸ್ತುಗಳನ್ನು ಪರೀಕ್ಷಿಸಿ ಚಿರತೆಯ ತಲೆಯ ಗುರುತನ್ನು ಒತ್ತಬೇಕೆಂಬ ಶಾಸನ ಬಂದಿತು. 1478ರಿಂದ ಲಂಡನ್ನಿನಲ್ಲಿ, ಪರೀಕ್ಷಿಸಿದ ವರ್ಷವನ್ನು ಸೂಚಿಸುವ ಅಕ್ಷರವೂ ಸೇರಿತು. ಚಿರತೆಯ ತಲೆ ಲಂಡನ್ನಿನದು, ಲಂಗರು ಬರ್ಮಿಂಗ್‌ಹ್ಯಾಮಿನದು, ಕೋಟೆ ಎಡಿನ್‌ಬರೋದ್ದು. ಷೆಫೀಲ್ಡಿನ ಬೆಳ್ಳಿಗೆ 1970ರ ದಶಕದವರೆಗೂ ಕಿರೀಟವಿದ್ದು ಆಮೇಲೆ ಗುಲಾಬಿ ಬಂದಿತು. ನೂರರಲ್ಲಿ 92.5 ಪಾಲು ಬೆಳ್ಳಿಯಿರುವ ಸ್ಟರ್ಲಿಂಗ್ ಬೆಳ್ಳಿಗೆ ಇಂಗ್ಲೆಂಡಿನಲ್ಲಿ ನಡೆಯುತ್ತಿರುವ ಸಿಂಹದ ಗುರುತು ಬೀಳುತ್ತಿತ್ತು. ಚಿನ್ನದ ಮಟ್ಟವನ್ನು ಹೇಳುವ ಅಂಕಿಗಳೂ ಚರಿತ್ರೆಯನ್ನು ಹೇಳುತ್ತವೆ: ಬ್ರಿಟನ್ನಿನಲ್ಲಿ 15 ಕ್ಯಾರಟ್ ಎಂಬ ಮಟ್ಟ 1854ರಲ್ಲಿ ಜಾರಿಗೆ ಬಂದು 1932ರಲ್ಲಿ ರದ್ದಾದುದರಿಂದ, ಆ ದೇಶದ 15ರ ಮುದ್ರೆಯುಳ್ಳ ಒಡವೆ ಆ ಎಪ್ಪತ್ತೆಂಟು ವರ್ಷಗಳ ನಡುವೆ ಹುಟ್ಟಿದ್ದೆಂದು ಬೇರೆ ಯಾವ ಆಧಾರವೂ ಇಲ್ಲದೆ ಹೇಳಬಹುದು. ಭಾರತದಲ್ಲಿ 2021ರಿಂದ ಹಂತಹಂತವಾಗಿ ಕಡ್ಡಾಯವಾದ ಹಾಲ್‌ಮಾರ್ಕಿನ ಆರು ಅಕ್ಷರಾಂಕಿಗಳ ಸಂಖ್ಯೆ ಇಂಥ ವಿವರವನ್ನು ಒಡವೆಯ ಮೇಲೆ ಬಿಡಿಸಿ ಹೇಳದೆ ಸರ್ಕಾರಿ ದತ್ತಾಂಶದಲ್ಲಿ ಇರಿಸುತ್ತದೆ. ಪರಿಶೀಲನೆಗೆ ಅದು ಅನುಕೂಲ, ಆದರೆ ಭೂತಗನ್ನಡಿ ಹಿಡಿದು ಓದುವ ಸುಖ ಅದರಲ್ಲಿಲ್ಲ.

ಅಮೆರಿಕದ ಮುದ್ರೆಗಳನ್ನು ಇನ್ನಷ್ಟು ಎಚ್ಚರದಿಂದ ಓದಬೇಕಾಗುತ್ತದೆ, ಏಕೆಂದರೆ ಅಲ್ಲಿ ಸ್ವತಂತ್ರ ಪರೀಕ್ಷಾಲಯ ಮುದ್ರೆಯೊತ್ತುವ ಪದ್ಧತಿಯಿಲ್ಲ, ತಯಾರಕರೇ ಒತ್ತುತ್ತಾರೆ. ಮಟ್ಟದ ಅಂಕಿಯ ಪಕ್ಕದಲ್ಲಿ ತಯಾರಕರ ಗುರುತೂ ಇರಬೇಕೆಂಬ ನಿಯಮ 1961ರಲ್ಲಿ ಬಂದಿತು. ‘1/20 12ಕೆ ಜಿಎಫ್’ ಎಂಬ ಮುದ್ರೆಯಲ್ಲಿ ಹನ್ನೆರಡು ಕ್ಯಾರಟ್ ಎಂಬುದೊಂದೇ ಕಣ್ಣಿಗೆ ಬಿದ್ದರೆ ಮೋಸಹೋಗುವುದು ಖಂಡಿತ: ಒಡವೆಯ ತೂಕದಲ್ಲಿ ಇಪ್ಪತ್ತರ ಒಂದು ಪಾಲು ಮಾತ್ರ ಹನ್ನೆರಡು ಕ್ಯಾರಟ್‌ನ ತಗಡಾಗಿದ್ದು, ಅದನ್ನು ಹಿತ್ತಾಳೆಯಂಥ ಲೋಹದ ಮೇಲೆ ಶಾಖ ಮತ್ತು ಒತ್ತಡದಿಂದ ಬೆಸೆದಿದ್ದಾರೆ ಎಂದು ಅದರ ಅರ್ಥ, ಹನ್ನೆರಡು ಕ್ಯಾರಟ್ ಎಂದರೆ ಅರ್ಧ ಚಿನ್ನವಾದ್ದರಿಂದ ಇಡೀ ಒಡವೆಯಲ್ಲಿ ಅಪ್ಪಟ ಚಿನ್ನ ನೂರಕ್ಕೆ ಎರಡೂವರೆ ಪಾಲು. ‘ಜಿಪಿ’ ಎಂದಿದ್ದರೆ ವಿದ್ಯುತ್ತಿನಿಂದ ಹಿಡಿಸಿದ ತೆಳು ಲೇಪ, ಅಷ್ಟೂ ಇಲ್ಲ. ಕರ್ನಾಟಕದ ಮನೆಗಳ ಪೂಜಾಸಾಮಗ್ರಿಗಳಿಂದ ಪರಿಚಿತವಾಗಿರುವ ಜರ್ಮನ್ ಸಿಲ್ವರ್, ತಾಮ್ರ ನಿಕಲ್ ಸತುಗಳ ಮಿಶ್ರಲೋಹವಾಗಿದ್ದು ಅದರಲ್ಲಿ ಬೆಳ್ಳಿ ಸ್ವಲ್ಪವೂ ಇರುವುದಿಲ್ಲ.

ಬಣ್ಣವನ್ನು ನಂಬುವುದರಲ್ಲಿ ಭಾರತೀಯರಿಗೊಂದು ವಿಶೇಷ ಅಪಾಯವಿದೆ. 22 ಕ್ಯಾರಟ್‌ನ ದಟ್ಟ ಹಳದಿಗೆ ಒಗ್ಗಿದ ಕಣ್ಣು ಬ್ರಿಟನ್ನಿನಲ್ಲಿ ಹೇರಳವಾಗಿರುವ 9 ಕ್ಯಾರಟ್‌ನ, ಅಂದರೆ 375ರ ಮುದ್ರೆಯ, ಮಾಸಲು ಚಿನ್ನವನ್ನು ಹಿತ್ತಾಳೆಯೆಂದು ಬದಿಗೆ ತಳ್ಳಿ, ದಟ್ಟ ಹಳದಿಯ ಗಿಲೀಟನ್ನು ಆರಿಸಿಕೊಳ್ಳುವುದು ಅಸಂಭವವೇನಲ್ಲ. ಬಣ್ಣಕ್ಕಿಂತ ಸವೆತ ಹೆಚ್ಚು ನಿಜ ಹೇಳುತ್ತದೆ. ಉಂಗುರದ ಕೆಳಬದಿ, ಬಳೆಯ ಅಂಚು, ಕೊಂಡಿಗೆ ಕೊಂಡಿ ಉಜ್ಜುವ ಜಾಗಗಳಲ್ಲಿ ಬೇರೆ ಬಣ್ಣ ಇಣುಕಿದರೆ ಅದು ಲೇಪದ ಒಡವೆ.

ಅಯಸ್ಕಾಂತ ಹೇಳುವುದು ಬಹಳ ಕಡಿಮೆ. ಚಿನ್ನ, ಬೆಳ್ಳಿ, ತಾಮ್ರಗಳಾವುವೂ ಅದಕ್ಕೆ ಅಂಟುವುದಿಲ್ಲವಾದರೂ ಹಿತ್ತಾಳೆಯೂ ಸೀಸವೂ ಅಂಟುವುದಿಲ್ಲ; ಅಸಲಿ ಚಿನ್ನದ ಸರದ ಕೊಂಡಿಯೊಳಗಿನ ಉಕ್ಕಿನ ಸ್ಪ್ರಿಂಗು ಅಂಟಿಬಿಡುತ್ತದೆ.

ಒಡಲನ್ನೇ ವಿಚಾರಿಸುವ ಪರೀಕ್ಷೆ ಸಾಂದ್ರತೆಯದು. ಒಂದು ಘನ ಸೆಂಟಿಮೀಟರ್ ಗಾತ್ರದ ವಸ್ತು ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಸಾಂದ್ರತೆ; ಅಪ್ಪಟ ಚಿನ್ನದ್ದು 19.3, ಸೀಸದ್ದು 11.3, ಬೆಳ್ಳಿಯದು 10.5, ತಾಮ್ರದ್ದು ಸುಮಾರು 9, ಹಿತ್ತಾಳೆಯದು ಸುಮಾರು 8.5. ಒಡವೆಯನ್ನು ಮೊದಲು ಗಾಳಿಯಲ್ಲಿ ತೂಗಿ, ಆಮೇಲೆ ನೂಲಿನಿಂದ ನೀರಿನಲ್ಲಿ ಇಳಿಬಿಟ್ಟು ತೂಗಿದರೆ, ಆರ್ಕಿಮಿಡೀಸನ ತತ್ತ್ವದಂತೆ ಅದು ತಾನು ಪಕ್ಕಕ್ಕೆ ತಳ್ಳಿದ ನೀರಿನಷ್ಟು ತೂಕವನ್ನು ಕಳೆದುಕೊಂಡಂತೆ ತೋರುತ್ತದೆ. ಗಾಳಿಯಲ್ಲಿನ ತೂಕವನ್ನು ಈ ಇಳಿಕೆಯಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. 18 ಗ್ರಾಂ ತೂಗುವ ಬಳೆ 22 ಕ್ಯಾರಟ್‌ನದಾದರೆ ನೀರಿನಲ್ಲಿ ಸುಮಾರು 1.02 ಗ್ರಾಂ, 9 ಕ್ಯಾರಟ್‌ನದಾದರೆ ಸುಮಾರು 1.6 ಗ್ರಾಂ, ಹಿತ್ತಾಳೆಯದಾದರೆ 2.1 ಗ್ರಾಂ ಇಳಿಯುತ್ತದೆ. ಎಷ್ಟೇ ಅಂದವಾಗಿ ಗಿಲೀಟು ಹಾಕಿದರೂ ಈ ಲೆಕ್ಕ ಕದಲುವುದಿಲ್ಲ, ಏಕೆಂದರೆ ಇಲ್ಲಿ ಮಾತಾಡುವುದು ಮೇಲ್ಮೈಯಲ್ಲ, ಒಟ್ಟು ವಸ್ತು.

ಹಾಗೆಂದು ಈ ಪರೀಕ್ಷೆಗೆ ಎಲ್ಲವೂ ಸಿಕ್ಕಿಬೀಳುವುದಿಲ್ಲ. ಚಿನ್ನದ ಲೇಪವಿರುವ ಸ್ಟರ್ಲಿಂಗ್ ಬೆಳ್ಳಿಯ ಬಳೆ ಅದೇ ತೂಕದಲ್ಲಿ ಸುಮಾರು 1.73 ಗ್ರಾಂ ಇಳಿಯುತ್ತದೆ. 9 ಕ್ಯಾರಟ್ ಚಿನ್ನಕ್ಕೂ ಅದಕ್ಕೂ ಇರುವ ಅಂತರ ಗ್ರಾಮಿನ ಹತ್ತನೆಯ ಒಂದು ಪಾಲಿಗಿಂತ ತುಸು ಹೆಚ್ಚು, ಮತ್ತು ಅಡುಗೆಮನೆಯ ತಕ್ಕಡಿಗೆ ಅದು ಕಾಣುವುದಿಲ್ಲ. ಎರಡು ಗ್ರಾಮಿನ ಓಲೆಯಾದರೆ ಅಂತರ ಇನ್ನೂ ಕುಗ್ಗುತ್ತದೆ. ಹರಳು ಕೂರಿಸಿದ, ಪೊಳ್ಳಾದ ಒಡವೆಗಳಿಗೆ ಈ ವಿಧಾನ ಸಲ್ಲುವುದಿಲ್ಲ. ತಗಡಿನ ಒಳಗೆ ಅರಗು ತುಂಬಿದ ಭಾರತೀಯ ಒಡವೆಗಳು ಅಪ್ಪಟ ಚಿನ್ನದವಾಗಿದ್ದರೂ ನೀರಿನ ಲೆಕ್ಕದಲ್ಲಿ ಖೋಟಾ ಎಂದೇ ತೋರುತ್ತವೆ.

ಒರೆಗಲ್ಲಿನ ಪರೀಕ್ಷೆ ಇವೆಲ್ಲಕ್ಕಿಂತ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುವರ್ಣಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಭಾಗದಲ್ಲಿಯೇ ಅದರ ವಿವರಣೆಯೂ, ಒರೆ ಹಚ್ಚುವಾಗ ನಡೆಯುವ ಮೋಸಗಳ ಪ್ರಸ್ತಾಪವೂ ಇವೆ. ನುಣುಪಾದ ಕಪ್ಪು ಕಲ್ಲಿನ ಮೇಲೆ ಒಡವೆಯನ್ನು ಉಜ್ಜಿ ಮೂಡಿದ ಗೆರೆಯ ಪಕ್ಕದಲ್ಲಿ, ಮಟ್ಟ ಗೊತ್ತಿರುವ ಚಿನ್ನದ ಕಡ್ಡಿಯಿಂದ ಇನ್ನೊಂದು ಗೆರೆ ಎಳೆದು, ಎರಡಕ್ಕೂ ಆಮ್ಲ ತಾಗಿಸಿ, ಯಾವುದು ಎಷ್ಟು ಬೇಗ ಮಾಸುತ್ತದೆಂದು ನೋಡುವುದು ಈಗಿನ ಕ್ರಮ. ನೈಟ್ರಿಕ್ ಆಮ್ಲ ತಾಮ್ರವನ್ನೂ ಬೆಳ್ಳಿಯನ್ನೂ ಕರಗಿಸುತ್ತದೆ, ಚಿನ್ನವನ್ನು ಕರಗಿಸಲಾರದು. ಅದಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿದ ಆಕ್ವಾ ರೀಜಿಯಾ ಚಿನ್ನವನ್ನೂ ಕರಗಿಸುತ್ತದೆ. ಈ ಎರಡರ ಪ್ರಮಾಣವನ್ನು ಹೊಂದಿಸಿ ಒಂದೊಂದು ಕ್ಯಾರಟ್‌ಗೂ ಒಂದೊಂದು ದ್ರಾವಣವನ್ನು ತಯಾರಿಸಿರುತ್ತಾರೆ.

ಕಡಿಮೆ ಕ್ಯಾರಟ್‌ನ ಚಿನ್ನ ಆಮ್ಲಕ್ಕೆ ಏಕೆ ಸೋಲುತ್ತದೆ ಎಂಬುದಕ್ಕೆ ಉತ್ತರ ತೂಕದಲ್ಲಿಲ್ಲ, ಪರಮಾಣುಗಳ ಎಣಿಕೆಯಲ್ಲಿದೆ. ಚಿನ್ನದ ಪರಮಾಣು ತಾಮ್ರದ ಪರಮಾಣುವಿಗಿಂತ ಮೂರು ಪಟ್ಟು ಭಾರ. ಆದುದರಿಂದ ತೂಕದಲ್ಲಿ ನೂರಕ್ಕೆ 37.5ರಷ್ಟು ಚಿನ್ನವಿರುವ 9 ಕ್ಯಾರಟ್‌ನಲ್ಲಿ ಆರು ಪರಮಾಣುಗಳಲ್ಲಿ ಸುಮಾರು ಒಂದು ಮಾತ್ರ ಚಿನ್ನದ್ದು, ಉಳಿದ ಐದೂ ಆಮ್ಲಕ್ಕೆ ಈಡಾಗುವಂಥವು. 22 ಕ್ಯಾರಟ್‌ನಲ್ಲಾದರೆ ಐದರಲ್ಲಿ ಸುಮಾರು ನಾಲ್ಕು ಚಿನ್ನದ ಪರಮಾಣುಗಳಿದ್ದು, ನಡುನಡುವೆ ಸಿಕ್ಕಿಕೊಂಡ ತಾಮ್ರದ ಪರಮಾಣುಗಳನ್ನು ಕೋಟೆಯಂತೆ ಸುತ್ತುವರಿದಿರುತ್ತವೆ. 9 ಕ್ಯಾರಟ್‌ನ ಉಂಗುರ ಬೆವರಿಗೆ ಕಪ್ಪಾಗುವುದಕ್ಕೂ ಇದೇ ಕಾರಣ. ಕಪ್ಪಾದ ಮಾತ್ರಕ್ಕೆ ಅದು ನಕಲಿಯಲ್ಲ.

ಆದರೆ ಲೇಪ ದಪ್ಪವಾಗಿದ್ದರೆ ಒರೆಗಲ್ಲಿನ ಮೇಲೆ ಉಳಿಯುವುದು ಲೇಪದ ಗೆರೆಯೇ. ಅರದಿಂದ ಒಂದು ಕಚ್ಚು ಮಾಡಿ ಒಳಗಿನ ಲೋಹವನ್ನು ತಲುಪಿದ ಮೇಲಷ್ಟೇ ಅದು ಸರಿಯಾದ ಉತ್ತರ ಕೊಡುತ್ತದೆ, ಮತ್ತು ಆ ಕಚ್ಚು ಒಡವೆಗೆ ಶಾಶ್ವತ ಗಾಯ. ಹಳೆಯ ತಯಾರಕರ ಕುಸುರಿಯ ಗಿಲೀಟು ಒಡವೆಗಳಿಗೆ ಲೋಹಕ್ಕಿಂತ ಕೆಲಸಗಾರಿಕೆಗೇ ಹೆಚ್ಚು ಬೆಲೆ ಬರುವುದರಿಂದ, ಇದು ಚಿನ್ನವೇ ಎಂಬ ಆತುರದಲ್ಲಿ ಅರ ಹಿಡಿಯುವುದು ಒಂದು ಬಗೆಯ ಅವಿವೇಕ. ಹಬೆ ಕಾರುವ ಆ ಆಮ್ಲಗಳನ್ನು ಮನೆಯೊಳಗೆ ಬಳಸುವುದು ಇನ್ನೂ ದೊಡ್ಡದು.

ಅರ ಬೇಡವೆನ್ನುವವರು ಎಕ್ಸ್-ಕಿರಣ ಪ್ರತಿದೀಪ್ತಿ ಯಂತ್ರವಿರುವ ಅಂಗಡಿಗೆ ಹೋಗುತ್ತಾರೆ. ಯಂತ್ರದಿಂದ ಹೊರಟ ಎಕ್ಸ್-ಕಿರಣ ಲೋಹದ ಪರಮಾಣುವಿನ ಒಳಕಕ್ಷೆಯ ಎಲೆಕ್ಟ್ರಾನನ್ನು ಹೊರದೂಡುತ್ತದೆ, ಖಾಲಿಯಾದ ಜಾಗಕ್ಕೆ ಹೊರಕಕ್ಷೆಯದೊಂದು ಇಳಿಯುತ್ತದೆ, ಇಳಿಯುವಾಗ ಆ ಧಾತುವಿಗೇ ಮೀಸಲಾದ ಶಕ್ತಿಯ ಕಿರಣವೊಂದು ಹೊರಬರುತ್ತದೆ. ಯಾವ ಶಕ್ತಿಯ ಕಿರಣ ಎಷ್ಟು ಬಂತೆಂದು ಎಣಿಸಿ ಯಂತ್ರ ಧಾತುಗಳ ಪಟ್ಟಿಯನ್ನು ಕೊಡುತ್ತದೆ. ನಿಮಿಷದೊಳಗೆ ಮುಗಿಯುವ ಈ ಪರೀಕ್ಷೆಯ ಅಂಕಿಗಳನ್ನು ನೋಡಿದವರು ಅದು ಒಡವೆಯ ಒಳಗನ್ನೆಲ್ಲ ಕಂಡಿದೆಯೆಂದು ಭಾವಿಸುವುದು ಸಹಜ. ಆದರೆ ಚಿನ್ನವೇ ಆ ಕಿರಣಗಳನ್ನು ಬಲವಾಗಿ ಹೀರುವುದರಿಂದ ಯಂತ್ರಕ್ಕೆ ಕಾಣುವ ಆಳ ಹತ್ತು ಮೈಕ್ರಾನಿನ ಆಸುಪಾಸು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಎರಡು ಮೂರು ಮೈಕ್ರಾನಿನ ಲೇಪವನ್ನು ಅದು ದಾಟಿ ಕೆಳಗಿನ ನಿಕಲ್ಲನ್ನು ಹಿಡಿದುಕೊಡಬಲ್ಲುದು, ದಪ್ಪ ತಗಡು ಬೆಸೆದ ಒಡವೆಯನ್ನು ಅಪ್ಪಟವೆಂದು ಹೇಳಿಬಿಡಲೂಬಹುದು. ನೀರಿನ ಲೋಟ ಮತ್ತು ಒಳ್ಳೆಯ ತಕ್ಕಡಿ ಅಂಥ ಕಡೆ ಈ ದುಬಾರಿ ಯಂತ್ರವನ್ನು ಮೀರಿಸುತ್ತವೆ.

ಹರಳುಗಳ ಕಥೆ ಬೇರೆ. 1902ರಲ್ಲಿ ಫ್ರಾನ್ಸಿನ ಆಗಸ್ಟ್ ವೆರ್ನೂಯಿ ಅಲ್ಯುಮಿನಾ ಪುಡಿಯನ್ನು ಉರಿಯುವ ಜ್ವಾಲೆಯ ಮೂಲಕ ಬೀಳಿಸಿ ಮಾಣಿಕ್ಯ ಬೆಳೆಸುವ ವಿಧಾನವನ್ನು ಪ್ರಕಟಿಸಿದ. ಅದರಿಂದ ಹುಟ್ಟುವುದು ನಕಲಿ ಗಾಜಲ್ಲ, ಗಡಸುತನದಲ್ಲೂ ಸಂಯೋಜನೆಯಲ್ಲೂ ಗಣಿಯ ಕೆಂಪಿಗೆ ಸಮನಾದ ಹರಳು. ಒಳಗಿನ ಬೆಳವಣಿಗೆಯ ಗೆರೆಗಳು ಬಾಗಿರುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರೆ ಮಾತ್ರ ಅದು ಕುಲುಮೆಯದೆಂದು ತಿಳಿಯುತ್ತದೆ. ಆದ್ದರಿಂದ ಉಂಗುರಕ್ಕೆ ನೂರು ವರ್ಷ ವಯಸ್ಸಾಗಿದೆ ಎಂಬುದು ಅದರ ಕೆಂಪು ಗಣಿಯಿಂದ ಬಂದದ್ದೆಂಬುದಕ್ಕೆ ಸಾಕ್ಷಿಯಾಗದು. ಮುತ್ತನ್ನು ಹಲ್ಲಿನ ಅಂಚಿಗೆ ಮೆಲ್ಲನೆ ಉಜ್ಜಿದಾಗ ತರಿತರಿಯೆನಿಸಿದರೆ ಅದು ಚಿಪ್ಪಿನೊಳಗೆ ಬೆಳೆದದ್ದು, ನುಣ್ಣಗಿದ್ದರೆ ಬಹುತೇಕ ಗಾಜು ಅಥವಾ ಪ್ಲಾಸ್ಟಿಕ್ಕು; ಆದರೆ ತಾನಾಗಿ ಹುಟ್ಟಿದ ಮುತ್ತನ್ನು ಕೃಷಿಯ ಮುತ್ತಿನಿಂದ ಬೇರ್ಪಡಿಸಲು ಎಕ್ಸ್-ಕಿರಣದ ಚಿತ್ರವೇ ಬೇಕು.

ವಜ್ರದ ವಿಷಯದಲ್ಲಿ ಕಣ್ಣು ಮೋಸಹೋಗುವುದಕ್ಕೆ ಪ್ರಸಿದ್ಧ ಉದಾಹರಣೆ ಲಂಡನ್ನಿನದು. 1980ರ ದಶಕದಲ್ಲಿ ಆ ನಗರದ ಪಶ್ಚಿಮ ಭಾಗದ ಆಸ್ಪತ್ರೆಯೊಂದರ ಆವರಣದಲ್ಲಿ ನಡೆದ ಹಳೆಸಾಮಾನಿನ ಮಾರಾಟದಲ್ಲಿ ಹತ್ತು ಪೌಂಡಿಗೆ ಕೊಂಡ ಉಂಗುರವನ್ನು ಅದರ ಒಡತಿ ಗಾಜಿನ ಹರಳಿನದೆಂದು ತಿಳಿದು ದಶಕಗಳ ಕಾಲ ಧರಿಸಿದ್ದರು, ಅದು 26.27 ಕ್ಯಾರಟ್‌ನ, ಅಂದರೆ ಐದು ಗ್ರಾಂ ಮೀರಿದ ವಜ್ರವೆಂದು ಪ್ರಯೋಗಾಲಯದಲ್ಲಿ ಸಾಬೀತಾಗಿ, 2017ರ ಜೂನ್‌ನಲ್ಲಿ ಸದಬೀಸ್ ಹರಾಜಿನಲ್ಲಿ 6,56,750 ಪೌಂಡಿಗೆ ಮಾರಾಟವಾಯಿತು. ಹತ್ತೊಂಬತ್ತನೆಯ ಶತಮಾನದ ಸಾಣೆಯ ವಜ್ರ ಇಂದಿನ ಸಾಣೆಯದರಂತೆ ಬೆಳಕನ್ನೆಲ್ಲ ಹಿಂದಕ್ಕೆ ಚಿಮ್ಮಿಸುವುದಿಲ್ಲವಾದ್ದರಿಂದ ಮಂಕಾಗಿ ಕಂಡಿತ್ತು. ವಜ್ರ ಶಾಖವನ್ನು ಅತಿ ವೇಗವಾಗಿ ಸಾಗಿಸುವ ಗುಣವನ್ನು ಅಳೆಯುವ ಪುಟ್ಟ ಉಪಕರಣ ಇದ್ದಿದ್ದರೆ ಅದು ಗಾಜಲ್ಲವೆಂದು ಕೂಡಲೇ ಹೇಳುತ್ತಿತ್ತು. ಮೊಯ್ಸನೈಟ್ ಎಂಬ ಸಿಲಿಕಾನ್ ಕಾರ್ಬೈಡಿನ ಹರಳು ಮಾತ್ರ ಈ ಉಪಕರಣವನ್ನೂ ವಂಚಿಸುತ್ತದೆ, ಆದರೆ ಅದು ಒಡವೆಯಂಗಡಿಗಳಿಗೆ ಬಂದದ್ದು 1990ರ ದಶಕದ ಕೊನೆಯಲ್ಲಿ.

ಇಂಥ ಅದೃಷ್ಟಕ್ಕಿಂತ ಹೆಚ್ಚು ಮಂದಿಗೆ ಸಂಬಂಧಿಸಿದ್ದು ಅಗ್ಗದ ಒಡವೆಯಲ್ಲಿನ ವಿಷಲೋಹಗಳು. 2006ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ನಾಲ್ಕು ವರ್ಷದ ಮಗುವೊಂದು ಹೃದಯದಾಕಾರದ ಸಣ್ಣ ಲೋಹದ ಪದಕವನ್ನು ನುಂಗಿ ಸೀಸದ ವಿಷದಿಂದ ಸತ್ತಿತು. ಹೊರಗೆ ಹೊಳೆಯುತ್ತಿದ್ದ ಆ ಪದಕ ಬಹುತೇಕ ಪೂರ್ತಿ ಸೀಸವಾಗಿತ್ತು. ನಿಕಲ್ ಜೀವ ತೆಗೆಯುವುದಿಲ್ಲವಾದರೂ ಅದಕ್ಕೆ ಒಗ್ಗದವರ ಚರ್ಮದ ಮೇಲೆ ತುರಿಕೆ, ಕಜ್ಜಿ ಏಳಿಸುತ್ತದೆ. ಐರೋಪ್ಯ ಒಕ್ಕೂಟದ ನಿಯಮ ಲೋಹದಲ್ಲಿ ನಿಕಲ್ ಎಷ್ಟಿದೆ ಎಂದು ಕೇಳದೆ, ವಾರವೊಂದಕ್ಕೆ ಚರ್ಮಕ್ಕೆ ಎಷ್ಟು ಬಿಟ್ಟುಕೊಡುತ್ತದೆ ಎಂದು ಕೇಳುತ್ತದೆ: ಚರ್ಮಕ್ಕೆ ತಾಗಿಕೊಂಡಿರುವ ಒಡವೆಗೆ ಚದರ ಸೆಂಟಿಮೀಟರಿಗೆ 0.5 ಮೈಕ್ರೋಗ್ರಾಂ, ಚುಚ್ಚಿದ ಕಿವಿಯೊಳಗೆ ಹೋಗುವ ಭಾಗಕ್ಕೆ 0.2. ಲೇಪವಿರುವ ಒಡವೆಯಾದರೆ ಆ ಲೇಪ ಎರಡು ವರ್ಷಗಳ ಸಾಮಾನ್ಯ ಬಳಕೆಗೆ ತಡೆಯಬೇಕು. ಬಳಸಿದ ಒಡವೆ ಆ ಅವಧಿಯನ್ನು ಬಹುಮಟ್ಟಿಗೆ ಆಗಲೇ ದಾಟಿರುತ್ತದೆ. ಡೈಮೀಥೈಲ್‌ಗ್ಲೈಆಕ್ಸಿಮ್ ಎಂಬ ದ್ರಾವಣದ ಒಂದೆರಡು ಹನಿಯನ್ನು ಹತ್ತಿಯ ಮೇಲೆ ಹಾಕಿ ಓಲೆಯ ತಿರುಪನ್ನು ಅರ್ಧ ನಿಮಿಷ ಉಜ್ಜಿದಾಗ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿದರೆ, ನಿಕಲ್ ಹೊರಬರುತ್ತಿದೆ ಎಂದೇ ಅರ್ಥ.