ತೊದಲುವ ಮೋಶೆ, ಗುಡುಗುವ ಹೀರೋ

ನಾನು ಮೊದಲು ನೋಡಿದ ಇಂಗ್ಲಿಷ್ ಸಿನಿಮಾ ‘ದಿ ಟೆನ್ ಕಮಾಂಡ್‌ಮೆಂಟ್ಸ್’. ನೋಡಿದ್ದು ಟಾಕೀಸಿನಲ್ಲಲ್ಲ, ಬಂಟ್ವಾಳ ತಾಲೂಕಿನ ಸಿದ್ಧಕಟ್ಟೆಯ ಆಚೆಗಿನ ಒಂದು ಇಗರ್ಜಿಯ ಅಂಗಳದಲ್ಲಿ. 1986ರ ತಪಸ್ಸುಕಾಲ, ಈಸ್ಟರಿಗೆ ಇನ್ನೂ ಎರಡು ವಾರವಿತ್ತು. ನನಗೆ ಹನ್ನೆರಡು ವರ್ಷ. ಮೂಡುಬಿದಿರೆಯಿಂದ ಬಾಡಿಗೆಗೆ ತಂದ ಕಲರ್ ಟೀವಿಯನ್ನು ಮೇಜಿನ ಮೇಲೆ ಕೂರಿಸಿದ್ದರು. ಪಕ್ಕದಲ್ಲಿ ವಿಸಿಆರ್, ಕರೆಂಟು ಕೈಕೊಟ್ಟರೆ ಇರಲಿ ಎಂದು ಒಂದು ಜನರೇಟರ್. ಕೊಂಕಣಿಯವರು, ಬಂಟರು, ಬಿಲ್ಲವರು, ಜೈನರ ಮನೆಯ ಮಕ್ಕಳು ಎಲ್ಲರೂ ಸೇರಿದ್ದೆವು. ಅಮ್ಮ ಬೀಡಿಯ ತಡ್ಪೆ (ಮೊರ) ಹಿಡಿದುಕೊಂಡೇ ಬಂದಿದ್ದರು. ಟೀವಿಯ ಬೆಳಕಿನಲ್ಲಿ ಅವರ ಬೆರಳುಗಳು ಎಲೆಗೆ ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಕಟ್ಟುತ್ತಲೇ ಇದ್ದವು. ಮರುದಿನ ಕಂಪೆನಿಯ ಬ್ರಾಂಚಿಗೆ ಬೀಡಿ ಕೊಡಬೇಕಿತ್ತು.

ಸಿನಿಮಾದ ಮಾತು ಯಾರಿಗೂ ಅರ್ಥವಾಗುವಂತಿರಲಿಲ್ಲ. ಮಕ್ಕಳಿಗೆ ದೊತೊರ್ನ್, ಅಂದರೆ ಧರ್ಮೋಪದೇಶ, ಕಲಿಸುತ್ತಿದ್ದ ಮಾಸ್ಟ್ರು ಮೈಕ್ ಹಿಡಿದು ತುಳುವಿನಲ್ಲಿ ಹೇಳುತ್ತಾ ಹೋದರು. ಅವರಿಗೆ ಯಕ್ಷಗಾನ ತಾಳಮದ್ದಳೆಯ ಹುಚ್ಚು. ಯೂಲ್ ಬ್ರೈನರ್ ಎಂಬ ನಟ ಫರೋಹ ರಾಮ್ಸೆಸನಾಗಿ ಬಂದರೆ ಮಾಸ್ಟ್ರ ಗಂಟಲಲ್ಲಿ ಬಣ್ಣದ ವೇಷದ ಅಬ್ಬರ. ಚಾರ್ಲ್ಟನ್ ಹೆಸ್ಟನ್ ಮೋಶೆಯಾಗಿ ಬಂದರೆ ಎದುರುವೇಷದ ಗಾಂಭೀರ್ಯ. ಮೂರು ಗಂಟೆ ನಲವತ್ತು ನಿಮಿಷದ ಆ ಚಿತ್ರಕ್ಕೆ ಅವರೊಬ್ಬರೇ ಅರ್ಥಧಾರಿ.

ಕಥೆ ನಮಗೆ ಹೊಸದೆಂದು ಅನ್ನಿಸಲೇ ಇಲ್ಲ. ಇಬ್ರಿಯರ ಗಂಡುಕೂಸುಗಳನ್ನೆಲ್ಲ ಕೊಲ್ಲಲು ಅರಸ ಆಜ್ಞೆ ಮಾಡುತ್ತಾನೆ, ತಾಯಿಯೊಬ್ಬಳು ಕೂಸನ್ನು ಬುಟ್ಟಿಯಲ್ಲಿಟ್ಟು ನೈಲ್ ನದಿಗೆ ಬಿಡುತ್ತಾಳೆ, ಅದು ಅದೇ ಅರಮನೆಯಲ್ಲಿ ಬೆಳೆಯುತ್ತದೆ. ಕಂಸನನ್ನೂ ಕರ್ಣನನ್ನೂ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಕೆಂಪು ಸಮುದ್ರ ಇಬ್ಭಾಗವಾದಾಗ ಅಂಗಳದಲ್ಲಿ ಯಾರೋ ‘ಯಮುನೆ’ ಎಂದರು. ನನ್ನ ಅಜ್ಜಿ ಮಾತ್ರ ಸುಮ್ಮನಿದ್ದರು. 1923ರಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳ ಪೇಟೆಯನ್ನು ಮುಳುಗಿಸಿದ ಮಾರಿಬೊಳ್ಳವನ್ನು ಅವರು ಎಳೆ ಹುಡುಗಿಯಾಗಿ ಕಂಡವರು. ಮನೆಗೆ ಬರುವಾಗ ಸೂಟೆಯ ಬೆಳಕಿನಲ್ಲಿ ಹೇಳಿದರು: “ನೀರು ಗೋಡೆಯ ಹಾಗೆ ನಿಲ್ಲುವುದನ್ನು ನಾನು ನೋಡಿಲ್ಲ ಮಗಾ. ಮಣ್ಣಿನ ಗೋಡೆಗಳು ನೀರಾಗಿ ಹೋಗುವುದನ್ನು ನೋಡಿದ್ದೇನೆ.”

ಆ ನೀರಿನ ಗೋಡೆಯನ್ನು ಮಾಡಿದ ಬಗೆ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ನಂತರ. ದೊಡ್ಡ ತೊಟ್ಟಿಗೆ ಎರಡೂ ಕಡೆಯಿಂದ ನೀರು ಧುಮುಕಿಸಿ ಚಿತ್ರೀಕರಿಸಿದ್ದರು. ಆ ರೀಲನ್ನು ಹಿಂದುಮುಂದಾಗಿ ಓಡಿಸಿದಾಗ ಸಮುದ್ರ ಬಾಯಿ ತೆರೆಯಿತು. 1956ರ ಈ ಚಿತ್ರಕ್ಕೆ ಸಿಕ್ಕ ಒಂದೇ ಆಸ್ಕರ್ ಇಂಥ ಚಮತ್ಕಾರಗಳಿಗಾಗಿ. ನಿರ್ದೇಶಕ ಸೆಸಿಲ್ ಬಿ. ಡಿಮಿಲ್ ಇದೇ ಹೆಸರಿನ ಮೂಕಿ ಚಿತ್ರವನ್ನು 1923ರಲ್ಲೇ, ಅಂದರೆ ನಮ್ಮ ನೆರೆಯ ವರ್ಷವೇ, ಮಾಡಿದ್ದರು. ಆಗ ಸಮುದ್ರವಾಗಿದ್ದು ಜೆಲ್ಲಿಯ ಗಟ್ಟಿ! ಎರಡನೇ ಸಲ ಈಜಿಪ್ಟಿಗೇ ಹೋಗಿ ಕಟ್ಟಿಸಿದ ಸೆಟ್ಟಿನ ಏಣಿ ಹತ್ತಿದಾಗ ಅವರಿಗೆ ಹೃದಯಾಘಾತವಾಯಿತು. ಕೆಲವೇ ದಿನಗಳಲ್ಲಿ ಮತ್ತೆ ಕ್ಯಾಮೆರಾದ ಹಿಂದೆ ನಿಂತಿದ್ದರು. ಬುಟ್ಟಿಯಲ್ಲಿ ತೇಲಿದ ಕೂಸು ಹೆಸ್ಟನ್ನರ ಸ್ವಂತ ಮಗ.

ಆದರೆ ನಾನು ಈ ಲೇಖನ ಬರೆಯಲು ಕಾರಣ ಸಮುದ್ರವಲ್ಲ, ಉರಿಯುವ ಪೊದೆ. ಕುರಿ ಕಾಯುವ ಮೋಶೆ ಬೆಟ್ಟದಲ್ಲಿ ಉರಿದರೂ ಬೂದಿಯಾಗದ ಒಂದು ಪೊದೆಯನ್ನು ಕಾಣುತ್ತಾನೆ, ಅದರೊಳಗಿಂದ ದೇವರ ಧ್ವನಿ ಕೇಳುತ್ತದೆ. ಆ ಜಾಗದಲ್ಲಿ ಮಾಸ್ಟ್ರು ವಿಸಿಆರಿನ ಗುಂಡಿ ಒತ್ತಿ ಚಿತ್ರ ನಿಲ್ಲಿಸಿದರು. ಹೆಸ್ಟನ್ನರ ಮುಖ ಗೆರೆಗೆರೆಯಾಗಿ ನಡುಗುತ್ತಾ ನಿಂತಿತು. “ಇಲ್ಲಿ ಸಿನಿಮಾದವರು ಒಂದು ಸಂಗತಿ ಬಿಟ್ಟಿದ್ದಾರೆ” ಎಂದರು ಮಾಸ್ಟ್ರು. “ಬೈಬಲಿನಲ್ಲಿ ಮೊಯ್ಜೆಸ್ (ಮೋಶೆ) ದೇವರಿಗೆ ಹೇಳುತ್ತಾನೆ, ನನ್ನನ್ನು ಕಳುಹಿಸಬೇಡ, ನನಗೆ ಮಾತು ಬರುವುದಿಲ್ಲ, ನನ್ನ ನಾಲಿಗೆ ಭಾರ ಅಂತ. ಅವನು ತೊದಲುತ್ತಿದ್ದ.”

ನನಗೆ ಆಗ ‘ಕ’, ‘ಪ’, ‘ಬ’ ಬಾಯಿಂದ ಹೊರಡುತ್ತಿರಲಿಲ್ಲ. ಶಾಲೆಯಲ್ಲಿ ಹಾಜರಿ ಕರೆದರೆ ನಾನು ‘ಪ್ರೆಸೆಂಟ್ ಸಾರ್’ ಎನ್ನುವಷ್ಟರಲ್ಲಿ ಇನ್ನಿಬ್ಬರ ಹೆಸರು ಆಗಿಹೋಗಿರುತ್ತಿತ್ತು. ಅಂಗಡಿಗೆ ಹೋದರೆ ಕಡಲೆ ಬೇಕಿದ್ದರೂ ಕೇಳಲಾಗದೆ ಅವಲಕ್ಕಿ ತಂದದ್ದುಂಟು. ಆ ರಾತ್ರಿ ಟೀವಿಯಲ್ಲಿ ನಡುಗುತ್ತಿದ್ದ ಮುಖವನ್ನು ನಾನು ಎಷ್ಟು ಹೊತ್ತು ನೋಡಿದೆನೋ. ಮಾಸ್ಟ್ರು ಮತ್ತೆ ಗುಂಡಿ ಒತ್ತಿದರು, ಹೆಸ್ಟನ್ ಗುಡುಗಿದರು. ಆ ಧ್ವನಿಯಲ್ಲಿ ನನ್ನವನು ಇರಲಿಲ್ಲ.

ಇವತ್ತಿಗೂ ನನ್ನ ತಕರಾರು ಅದೇ. ‘ಪ್ರವಾದಿ’ ಎಂದರೆ ಭವಿಷ್ಯ ಹೇಳುವವನೆಂದು ನಾವು ಭಾವಿಸುತ್ತೇವೆ. ಹೀಬ್ರೂವಿನ ‘ನಾವೀ’ ಎಂಬ ಮಾತನ್ನು ಬೈಬಲ್ ಬಳಸುವ ಕಡೆ ನೋಡಿದರೆ, ಇನ್ನೊಬ್ಬರ ಪರವಾಗಿ ಬಾಯಿ ತೆರೆಯುವವನು ಎಂಬ ಅರ್ಥ ಎದ್ದು ಕಾಣುತ್ತದೆ. ನಮ್ಮ ‘ಪ್ರವಾದಿ’ಯಲ್ಲೂ ಇರುವುದು ‘ವಾದ’, ಅಂದರೆ ಮಾತೇ. ಅಂಥ ಕೆಲಸಕ್ಕೆ ದೇವರು ಆರಿಸಿದ್ದು ಮಾತು ಬಾರದವನನ್ನು! ವಿಮೋಚನಕಾಂಡದ ಪ್ರಕಾರ ಫರೋಹನ ಮುಂದೆ ನಿಂತಾಗ ಮೋಶೆಗೆ 80 ವರ್ಷ. ದೇವರು ಅವನ ನಾಲಿಗೆಯನ್ನು ಸರಿಮಾಡಿ ಕಳುಹಿಸಲಿಲ್ಲ. ಅಣ್ಣ ಆರೋನನನ್ನು ಜೊತೆಗೆ ಕೊಟ್ಟ, ಆರೋನನೇ ನಿನ್ನ ‘ನಾವೀ’ ಎಂದ. ಸಿನಿಮಾಕ್ಕೆ ಇದು ಒಗ್ಗಲಿಲ್ಲ. ಮೂವತ್ತರ ಆಸುಪಾಸಿನ ಕಟ್ಟುಮಸ್ತಾದ ನಟ ಬಂದ. ಆರೋನ ಪಕ್ಕದಲ್ಲಿ ನಿಂತಿರುತ್ತಾನೆ, ಮಾತೆಲ್ಲ ಮೋಶೆಯದೇ. ಪೊದೆಯೊಳಗಿಂದ ಬರುವ ದೇವರ ಧ್ವನಿಗೂ ಹೆಸ್ಟನ್ನರ ಕಂಠವನ್ನೇ ಬಳಸಿದರು. 1998ರ ‘ದಿ ಪ್ರಿನ್ಸ್ ಆಫ್ ಈಜಿಪ್ಟ್’ ಎಂಬ ಆನಿಮೇಷನ್ ಚಿತ್ರದಲ್ಲಿಯೂ ಮೋಶೆಗೂ ದೇವರಿಗೂ ಒಬ್ಬರೇ ನಟ ದನಿ ಕೊಟ್ಟರು. 2014ರ ‘ಎಕ್ಸೋಡಸ್: ಗಾಡ್ಸ್ ಅಂಡ್ ಕಿಂಗ್ಸ್’ ಚಿತ್ರದಲ್ಲಿ ಮೋಶೆಯಾದ ಕ್ರಿಶ್ಚಿಯನ್ ಬೇಲ್‌ ಕೈಗೆ ಕತ್ತಿಯೂ ಬಂತು.

ಹಾಗೆಂದು ಧರ್ಮಪುರುಷರ ಕಥೆಯನ್ನು ತೆರೆಗೆ ತರುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಭಾರತದ ಸಿನಿಮಾ ಹುಟ್ಟಿದ್ದೇ ಅಲ್ಲಿಂದ. 1910ರ ಸುಮಾರಿಗೆ ಮುಂಬೈಯಲ್ಲಿ ಕ್ರಿಸ್ತನ ಜೀವನದ ಮೂಕಿ ಚಿತ್ರ ನೋಡಿದ ದಾದಾಸಾಹೇಬ್ ಫಾಲ್ಕೆಯವರಿಗೆ, ನಮ್ಮ ಕೃಷ್ಣನನ್ನು, ರಾಮನನ್ನು ಹೀಗೆ ನೋಡುವುದು ಯಾವಾಗ ಎನ್ನಿಸಿತು. 1913ರಲ್ಲಿ ‘ರಾಜಾ ಹರಿಶ್ಚಂದ್ರ’ ಬಂತು. ‘ಮಂತ್ರಾಲಯ ಮಹಾತ್ಮೆ’ (1966) ನೋಡಿದ ಎಷ್ಟೋ ಕನ್ನಡಿಗರಿಗೆ ರಾಘವೇಂದ್ರ ಸ್ವಾಮಿಗಳೆಂದರೆ ಇವತ್ತಿಗೂ ರಾಜಕುಮಾರ್ ಮುಖವೇ ಕಣ್ಣಮುಂದೆ ಬರುತ್ತದೆ. ನಮ್ಮ ಗರಡಿಗಳಲ್ಲಿ ಆರಾಧನೆ ಪಡೆಯುವ ಕೋಟಿ ಚೆನ್ನಯರು 1973ರಲ್ಲಿ ವಿಶುಕುಮಾರರ ತುಳು ಚಿತ್ರದಲ್ಲಿ ನಾಯಕರಾದರು. ತೆರೆಯ ಮುಖ ನಂಬಿಕೆಯ ಮುಖವಾಗಿಬಿಡುತ್ತದೆ. ಅದಕ್ಕೇ ಆ ಮುಖದಿಂದ ಏನನ್ನು ಅಳಿಸುತ್ತೇವೆ ಎಂಬುದು ಸಣ್ಣ ವಿಷಯವಲ್ಲ.

ಈ ಎಚ್ಚರವನ್ನು ನನಗೆ ಕಲಿಸಿದ್ದು ನಮ್ಮೂರ ಜೀನಸಿ ಅಂಗಡಿಯ ಬ್ಯಾರಿ ಮುಸ್ಲಿಂ ಕಾಕ. ಸಿನಿಮಾದ ಮರುದಿನ ಬೆಲ್ಲ ತರಲು ಹೋದಾಗ, ನೀವು ಯಾಕೆ ಬರಲಿಲ್ಲ ಎಂದು ತಡವರಿಸುತ್ತಾ ಕೇಳಿದೆ. ಅವರು ನನ್ನ ಮಾತು ಮುಗಿಯುವವರೆಗೆ ಕಾದರು. ಅವರು ಯಾವಾಗಲೂ ಕಾಯುತ್ತಿದ್ದರು. “ಮೂಸಾ ನೆಬಿ ನಮಗೂ ನೆಬಿಯೇ ಮಗ. ಆದರೆ ನೆಬಿಗಳ ವೇಷ ಯಾರೂ ಹಾಕಬಾರದು. ನಾವು ನೋಡುವುದಿಲ್ಲ” ಎಂದರು. ಮೂಸಾ ಎಂದರೆ ಮೋಶೆ, ನೆಬಿ ಎಂದರೆ ಪ್ರವಾದಿ. ಹೀಬ್ರೂವಿನ ‘ನಾವೀ’ಯೂ ಬ್ಯಾರಿಗಳ ಬಾಯಿಯ ‘ನೆಬಿ’ಯೂ ಒಂದೇ ಬೇರಿನವು ಎಂದು ನಾನು ತಿಳಿದದ್ದು ದೊಡ್ಡವನಾದ ಮೇಲೆ. ಕುರ್‌ಆನಿನಲ್ಲಿ ಬೇರೆ ಯಾವ ಪ್ರವಾದಿಗಿಂತಲೂ ಹೆಚ್ಚು ಸಲ, 136 ಬಾರಿ, ಬರುವ ಹೆಸರು ಮೂಸಾ. ಮೊಹರಂ ತಿಂಗಳ ಹತ್ತನೆಯ ದಿನ ಕಾಕ ಹಿಡಿಯುತ್ತಿದ್ದ ಆಶೂರಾ ಉಪವಾಸವೂ ಮೂಸಾ ಮತ್ತು ಅವರ ಜನ ಫರೋಹನಿಂದ ಪಾರಾದ ನೆನಪಿಗೇ.

ಅವತ್ತು ಕಾಕ ಬೆಲ್ಲ ತೂಗುತ್ತಾ ಒಂದು ಕಥೆ ಹೇಳಿದರು. ಎಳೆಯ ಮೂಸಾ ಅರಮನೆಯಲ್ಲಿ ಅರಸನ ಗಡ್ಡ ಹಿಡಿದು ಎಳೆಯುತ್ತಾನೆ. ಇವನೇ ನನ್ನ ಶತ್ರು, ಕೊಲ್ಲಿ ಎನ್ನುತ್ತಾನೆ ಅರಸ. ಅರಸಿ ಆಸಿಯಾ ಬೀವಿ ತಡೆದು, ಇದು ಏನೂ ತಿಳಿಯದ ಕೂಸು, ಪರೀಕ್ಷೆ ಮಾಡಿ ಎನ್ನುತ್ತಾಳೆ. ಕೂಸಿನ ಮುಂದೆ ಒಂದು ಕಡೆ ರತ್ನ, ಒಂದು ಕಡೆ ಕೆಂಡ ಇಡುತ್ತಾರೆ. ಕೂಸು ಕೆಂಡ ಎತ್ತಿ ಬಾಯಿಗಿಟ್ಟುಕೊಳ್ಳುತ್ತದೆ. ಜೀವ ಉಳಿಯಿತು, ನಾಲಿಗೆ ಸುಟ್ಟಿತು. ಇದೇ ಕಥೆ ಯಹೂದಿಗಳ ಹಳೆಯ ವ್ಯಾಖ್ಯಾನಗಳಲ್ಲೂ ಇದೆ. ಕುರ್‌ಆನಿನ 20ನೇ ಅಧ್ಯಾಯದಲ್ಲಿ ಮೂಸಾ ತನ್ನ ನಾಲಿಗೆಯ ಗಂಟನ್ನು ಬಿಚ್ಚು ಎಂದು ದೇವರನ್ನು ಬೇಡುತ್ತಾರೆ. ಕೊಂಕಣಿಯ ಮೊಯ್ಜೆಸ್, ಕನ್ನಡ ಬೈಬಲಿನ ಮೋಶೆ, ಬ್ಯಾರಿಗಳ ಮೂಸಾ: ಮೂರು ಹೆಸರಿನಲ್ಲೂ ಆ ನಾಲಿಗೆಯ ನೋವು ಉಳಿದಿದೆ. ಕೋಟಿಗಟ್ಟಲೆ ಡಾಲರ್ ಸುರಿದ ಚಿತ್ರಕ್ಕೆ ಅದು ಬೇಡವಾಯಿತು.

ನೆಬಿಯ ಮುಖ ತೋರಿಸದೆ ಸಿನಿಮಾ ಮಾಡಲು ಸಾಧ್ಯವೇ ಎಂದರೆ, ಮಾಡಿದವರಿದ್ದಾರೆ. 1976ರ ‘ದಿ ಮೆಸೇಜ್’ ಚಿತ್ರದಲ್ಲಿ ಪ್ರವಾದಿ ಮುಹಮ್ಮದರ ಮುಖವೂ ಇಲ್ಲ, ಧ್ವನಿಯೂ ಇಲ್ಲ. ತೊದಲುವ ನಾಯಕನನ್ನು ಜನ ಒಪ್ಪುತ್ತಾರೆಯೇ ಎಂಬ ಪ್ರಶ್ನೆಗೂ 2010ರಲ್ಲಿ ‘ದಿ ಕಿಂಗ್ಸ್ ಸ್ಪೀಚ್’ ಉತ್ತರ ಕೊಟ್ಟಿತು. ಉಗ್ಗುವ ಇಂಗ್ಲೆಂಡಿನ ಅರಸನ ಆ ಕಥೆಗೆ ನಾಲ್ಕು ಆಸ್ಕರ್ ಬಂದವು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆರ್ನಾಲ್ಡ್ ಶ್ಯೋನ್‌ಬರ್ಗ್ ಎಂಬ ಸಂಗೀತಕಾರ 1930ರ ದಶಕದಲ್ಲಿ ರಚಿಸಿ ಮುಗಿಸದೆ ಬಿಟ್ಟ ‘ಮೋಸೆಸ್ ಉಂಡ್ ಆರೋನ್’ ಎಂಬ ಆಪೆರಾ. ಎಪ್ಪತ್ತರ ದಶಕದಲ್ಲಿ ಅದು ಸಿನಿಮಾ ಆಯಿತು. ಅದರಲ್ಲಿ ಆರೋನ ಹಾಡುತ್ತಾನೆ. ಮೋಶೆ ಹಾಡಲಾರ, ಮಾತಿಗೂ ಹಾಡಿಗೂ ನಡುವಿನ ಒಂದು ಒರಟು ಉಚ್ಚಾರದಲ್ಲೇ ಒದ್ದಾಡುತ್ತಾನೆ. ಯಕ್ಷಗಾನದಲ್ಲಿ ಭಾಗವತರು ಪದ ಹೇಳಿ ಮುಗಿಸಿದ ಮೇಲೂ ಅರ್ಥ ಹೇಳಲಾಗದೆ ರಂಗದಲ್ಲಿ ನಿಂತ ವೇಷಧಾರಿಯನ್ನು ನೆನೆಯಿರಿ. ಮೋಶೆ ಎಂದರೆ ನನಗೆ ಅವನೇ.

ಡಿಮಿಲ್ ಚಿತ್ರದ ಒಂದು ಪ್ರಾಮಾಣಿಕತೆಯನ್ನು ಹೇಳಲೇಬೇಕು. ಕೊನೆಯಲ್ಲಿ ಮೋಶೆ ವಾಗ್ದಾನದ ನಾಡಿಗೆ ಕಾಲಿಡುವುದಿಲ್ಲ. ಜನರೆಲ್ಲ ನದಿ ದಾಟಲು ಹೊರಟಾಗ ಮುದುಕ ಒಬ್ಬನೇ ನೆಬೋ ಬೆಟ್ಟದ ಕಡೆ ನಡೆಯುತ್ತಾನೆ. ಧರ್ಮೋಪದೇಶಕಾಂಡದಲ್ಲಿಯೂ ಹಾಗೆಯೇ. 120 ವರ್ಷದ ಮೋಶೆ ಆ ನಾಡನ್ನು ದೂರದಿಂದ ನೋಡಿ ತೀರಿಕೊಳ್ಳುತ್ತಾನೆ, ಅವನ ಸಮಾಧಿ ಎಲ್ಲಿದೆಯೆಂದು ಯಾರಿಗೂ ತಿಳಿಯದು. ಆ ದೃಶ್ಯ ಬರುವಾಗ ರಾತ್ರಿ ಒಂದು ಗಂಟೆ. ಮಾಸ್ಟ್ರ ಗಂಟಲು ಬಿದ್ದುಹೋಗಿತ್ತು, ಮೈಕ್ ಕೆಳಗಿಟ್ಟಿದ್ದರು. ಅಮ್ಮನ ಕೈ ಅದೊಂದು ಸಲ ನಿಂತಿತ್ತು.

ಈಗ ನಾನು ಬೆಳ್ತಂಗಡಿ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರು, ಮನೆ ಮೂಡುಬಿದಿರೆಯಲ್ಲಿ. ‘ಪ’ ಈಗಲೂ ಕೆಲವು ಸಲ ಹಟ ಮಾಡುತ್ತದೆ. ಮಕ್ಕಳಿಗೆ ಗೊತ್ತು, ಕಾಯುತ್ತಾರೆ. ರಬ್ಬರ್ ತೋಟಗಳ ನಡುವಿನ ಮಲಯಾಳಿ ಕ್ರೈಸ್ತ ಮನೆಗಳ ಮಕ್ಕಳು, ಬ್ಯಾರಿ ಮಕ್ಕಳು, ತುಳುವರು ಎಲ್ಲರೂ ನನ್ನ ತರಗತಿಯಲ್ಲಿದ್ದಾರೆ. ಕಳೆದ ವರ್ಷ ಭಾಷಣ ಸ್ಪರ್ಧೆಯ ದಿನ ತೊದಲುವ ಒಬ್ಬ ಹುಡುಗ ವೇದಿಕೆಯ ಬದಿಯಲ್ಲಿ ಕಣ್ಣು ಮುಚ್ಚಿ ಏನೋ ಪಿಸುಗುಟ್ಟುತ್ತಿದ್ದ. ಏನೆಂದು ಕೇಳಿದೆ. ಮದ್ರಸದಲ್ಲಿ ಕಲಿಸಿದ ಮೂಸಾ ನೆಬಿಯ ಪ್ರಾರ್ಥನೆ ಎಂದ. ವೇದಿಕೆ ಹತ್ತಿದ. ಮೊದಲನೆಯ ವಾಕ್ಯ ಮುಗಿಯುವಷ್ಟರಲ್ಲಿ ಮೂರು ನಿಮಿಷವಾಯಿತೆಂದು ಗಂಟೆ ಹೊಡೆಯಿತು, ಅವನು ಇಳಿದು ಬಂದ.

ಪ್ರತಿಭಾ ಕಾರಂಜಿಗೆ, ಶಾಲಾ ವಾರ್ಷಿಕೋತ್ಸವಗಳಿಗೆ ತೀರ್ಪುಗಾರರಾಗಿ ಹೋಗುವ ಎಲ್ಲರಲ್ಲಿ ನನ್ನದೊಂದು ಬೇಡಿಕೆ ಇದೆ. ಮಾತು ಸಿಕ್ಕಿಹಾಕಿಕೊಳ್ಳುವ ಮಗು ವೇದಿಕೆಗೆ ಬಂದರೆ ಗಂಟೆಯನ್ನು ಮೇಜಿನ ಕೆಳಗಿಡಿ. ಅದು ಹೇಳಬೇಕೆಂದು ಬಂದದ್ದನ್ನು ಹೇಳಿ ಮುಗಿಸಲಿ.