ಲೈಸೆನ್ಸಿಲ್ಲದ ಕಂತ್ರಾಟು, ಅಪ್ಪನ ಜಾಮೀನು

ಅಡಿಕೆ ಧಾರಣೆ ವಿಚಾರಿಸಲು ಸಂಘದ ಕಚೇರಿಗೆ ಬರುವ ಸದಸ್ಯರು ಈಚೆಗೆ ಇನ್ನೊಂದು ಚಿಂತೆಯನ್ನೂ ನಮ್ಮ ಮುಂದಿಡುತ್ತಿದ್ದಾರೆ. ಮಗ ಬೆಂಗಳೂರಿನಲ್ಲಿ ಲೇಬರ್ ಕಂತ್ರಾಟು ಹಿಡಿದಿದ್ದಾನೆ. ಪೀಣ್ಯದ ಕಾರ್ಖಾನೆಗಳಿಗೆ ಲೋಡಿಂಗ್ ಆಳು, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಂಪೆನಿಗಳಿಗೆ ಕ್ಯಾಂಟೀನು, ಹೌಸ್‌ಕೀಪಿಂಗ್ ಕೆಲಸಗಾರರನ್ನು ಒದಗಿಸುತ್ತಾನೆ. ಬ್ಯಾಂಕಿನ ಸಾಲಕ್ಕೆ ಅಪ್ಪನ ಜಾಮೀನು. ನಮ್ಮ ಹಿರಿಯ ಸದಸ್ಯರೊಬ್ಬರ ಮಗ ಹೀಗೆಯೇ 60 ಮಂದಿಯನ್ನು ಇಟ್ಟಿದ್ದ. ಲೈಸೆನ್ಸಿಲ್ಲವೆಂದು ಕಂಪೆನಿ ಎರಡು ತಿಂಗಳ ಬಿಲ್ಲು ತಡೆಯಿತು. ಸಂಬಳ ಕೊಡಲು ಆ ವರ್ಷದ ಕಾಫಿಯ ಹಣವೆಲ್ಲ ಹೋಯಿತು.

ಲೈಸೆನ್ಸಿನ ಕಾನೂನು ಹೊಸದಲ್ಲ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲಿ 20 ಕೆಲಸಗಾರರಿದ್ದರೆ ಲೈಸೆನ್ಸು ಬೇಕಿತ್ತು. ತಪ್ಪಿದರೆ 3 ತಿಂಗಳವರೆಗೆ ಸಜೆ, ಇಲ್ಲವೇ 1,000 ರೂ.ವರೆಗೆ ದಂಡ, ಅಥವಾ ಎರಡೂ. ಸಾವಿರ ರೂಪಾಯಿ ತಾನೆ ಎಂದು ಎಷ್ಟೋ ಮಂದಿ ನಿಶ್ಚಿಂತರಾಗಿದ್ದರು. ಕಂಪೆನಿಗಳಿಗೂ ದೊಡ್ಡ ಅಂಜಿಕೆಯಿರಲಿಲ್ಲ. ಗುತ್ತಿಗೆದಾರನಿಗೆ ಲೈಸೆನ್ಸಿಲ್ಲ ಎಂಬಷ್ಟರಿಂದಲೇ ಅವನ ಆಳುಗಳು ಕಂಪೆನಿಯ ನೌಕರರಾಗುವುದಿಲ್ಲವೆಂದು ಸುಪ್ರೀಂ ಕೋರ್ಟು 1991ರಲ್ಲಿ ದೀನಾನಾಥ್ ಪ್ರಕರಣದಲ್ಲಿ ಹೇಳಿತ್ತು.

2025ರ ನವೆಂಬರ್ 21ರಿಂದ ಈ ಲೆಕ್ಕ ಬದಲಾಗಿದೆ. ಅಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯಲ್ಲಿ ಮಿತಿ 50ಕ್ಕೆ ಏರಿದೆ. ಸಣ್ಣವರಿಗೆ ಇದು ಅನುಕೂಲವೇ. ಆದರೆ ಅದರ 54ನೇ ಕಲಮನ್ನು ಓದಬೇಕು: ಲೈಸೆನ್ಸು ಪಡೆಯಬೇಕಾದವನು ಪಡೆಯದೆ ಆಳು ಒದಗಿಸಿದರೆ, ಆ ಆಳುಗಳು ಕಂಪೆನಿಯ ನೌಕರರೆಂದೇ ಪರಿಗಣಿತರಾಗುತ್ತಾರೆ. ಹೀಗಿರುವಾಗ ಯಾವ ಮ್ಯಾನೇಜರು ಲೈಸೆನ್ಸು ನೋಡದೆ ಬಿಲ್ಲಿಗೆ ಸಹಿ ಹಾಕಿಯಾನು? ದಂಡವೂ 50,000 ರೂ.ಗಳಿಂದ 1 ಲಕ್ಷದವರೆಗಿದೆ. ಬಾಕಿ ಹಣಕ್ಕೆ ದಾವೆ ಹೂಡಿದರೆ, ಕಾನೂನಿಗೆ ವಿರುದ್ಧವಾದ ಕರಾರು ಎಂದು ಎದುರು ವಕೀಲರು 1872ರ ಕರಾರು ಕಾಯ್ದೆಯ 23ನೇ ಕಲಮನ್ನು ಮುಂದೊಡ್ಡಬಹುದು.

ಹುಡುಗರು ಎಡವುವುದು ಎಣಿಕೆಯಲ್ಲಿ. ಹಿಂದಿನ 12 ತಿಂಗಳಲ್ಲಿ ಯಾವುದೇ ಒಂದು ದಿನ 50 ಮುಟ್ಟಿದರೂ ಸಾಕು. ಮಾಮೂಲಾಗಿ 44 ಮಂದಿ, ದೀಪಾವಳಿಯ ಸರಕಿನ ಒತ್ತಡದಲ್ಲಿ ಒಂದು ದಿನ 52 ಆದರೆ ಲೈಸೆನ್ಸು ಬೇಕೇ ಬೇಕು. ಅಣ್ಣನ ಹೆಸರಲ್ಲಿ 40, ತಮ್ಮನ ಹೆಸರಲ್ಲಿ 40 ಎಂದು ಬರೆಯುವ ಉಪಾಯವನ್ನು ಕೆಲವರು ನಮ್ಮ ಕಿವಿಯಲ್ಲೂ ಹೇಳಿದ್ದಾರೆ. ಸಂಬಳವೆಲ್ಲ ಬ್ಯಾಂಕಿನಲ್ಲಿ, ಪಿ.ಎಫ್. ಎಲ್ಲ ಕಂಪ್ಯೂಟರಿನಲ್ಲಿ ಇರುವಾಗ ಇದು ಎಷ್ಟು ದಿನ ನಡೆದೀತು? 50ರ ಒಳಗಿದ್ದರೂ ಕೈ ತೊಳೆದುಕೊಂಡಂತಲ್ಲ. 10 ಮಂದಿಯಾದರೆ ಇ.ಎಸ್.ಐ., 20 ಆದರೆ ಪಿ.ಎಫ್. ಇದ್ದೇ ಇದೆ.

ಸದಸ್ಯರು ಜಾಮೀನಿಗೆ ಸಹಿ ಹಾಕುವ ಮೊದಲು ಮಗನಿಂದ ಮೂರು ಕಾಗದ ಕೇಳಿ ನೋಡಬೇಕು: ಲೈಸೆನ್ಸಿನ ಪ್ರತಿ, ಕಂಪೆನಿಯ ವರ್ಕ್ ಆರ್ಡರು, ಹೋದ ತಿಂಗಳ ಪಿ.ಎಫ್. ಚಲನು. ಲೈಸೆನ್ಸಿನ ಅವಧಿ 5 ವರ್ಷ. ತಾರೀಕು ಮೀರಿದೆಯೇ ಎಂದೂ ನೋಡಿಕೊಳ್ಳಿ. ಮೇಲೆ ಹೇಳಿದ ಹುಡುಗ ಈಗ ಅರ್ಜಿ ಹಾಕಿದ್ದಾನೆ. ಬಿಲ್ಲು ಇನ್ನೂ ಬಂದಿಲ್ಲ.